ಚಿತ್ರ ಒಂದು, ಹಕ್ಕು ಎರಡು

ಬೇಲೂರು ತಾಲ್ಲೂಕಿನ ಅರೇಹಳ್ಳಿಯ ವಿದ್ಯಾರ್ಥಿಯೊಬ್ಬನು ಚೆನ್ನಕೇಶವ ದೇವಾಲಯಕ್ಕೆ ಹೋಗಿ ಮದನಿಕೆಯೊಂದರ ಛಾಯಾಚಿತ್ರವನ್ನು ತೆಗೆದನೆಂದು ಭಾವಿಸೋಣ. ಆ ಚಿತ್ರವು ಯಾರ ಸೊತ್ತು? ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ದೇಗುಲದ ಶಿಲ್ಪಗಳ ಮೇಲೆ ಇಂದು ಯಾರಿಗೂ ಕೃತಿಸ್ವಾಮ್ಯವಿಲ್ಲ. ಛಾಯಾಚಿತ್ರದ ಹಕ್ಕು ತೆಗೆದವನದು. ಹೆಸರು ಹೇಳಿ ಯಾರಾದರೂ ಬಳಸಬಹುದೆಂಬ ಮುಕ್ತ ಪರವಾನಗಿಯೊಡನೆ ಅವನು ಅದನ್ನು ಲೋಕಕ್ಕೆ ಒಪ್ಪಿಸಬಹುದು. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಇಂತಹ ಪರವಾನಗಿಯಲ್ಲಿಯೇ ಬಿಟ್ಟುಕೊಟ್ಟು ಮಾರ್ಗದರ್ಶನ ಮಾಡಿರುವುದು.

ಆದರೆ ಅದೇ ವಿದ್ಯಾರ್ಥಿಯು ಊರಿನ ಗೋಡೆಯ ಮೇಲೆ ಕಲಾವಿದನೊಬ್ಬನು ಈಚೆಗೆ ಬರೆದ ವರ್ಣಚಿತ್ರವನ್ನು ಸೆರೆಹಿಡಿದರೆ ಮಾತು ಬೇರೆ. ಆಗ ಒಂದೇ ಛಾಯಾಚಿತ್ರದಲ್ಲಿ ಇಬ್ಬರ ಹಕ್ಕುಗಳು ಅಡಗಿರುವುವು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ಕಟ್ಟಡಗಳ ಮತ್ತು ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪಗಳ ಛಾಯಾಚಿತ್ರಗಳಿಗೆ ವಿನಾಯಿತಿ ಕೊಟ್ಟಿದೆ. ಗೋಡೆಯ ವರ್ಣಚಿತ್ರಕ್ಕೆ ಆ ವಿನಾಯಿತಿಯನ್ನು ಹೇಳಿಲ್ಲ. ಸ್ವಂತ ಅಧ್ಯಯನಕ್ಕೆ ಅಡ್ಡಿಯಿಲ್ಲ. ಆದರೆ ಎಲ್ಲರಿಗೂ ಹಂಚುವ ಅಪ್ಪಣೆಯನ್ನು ಛಾಯಾಗ್ರಾಹಕನೊಬ್ಬನೇ ಕೊಡಲಾರನು. ತನ್ನದಲ್ಲದುದನ್ನು ದಾನಮಾಡುವ ಅಧಿಕಾರ ಯಾರಿಗೂ ಇಲ್ಲ. ಚಿತ್ರಕಾರನ ಹಕ್ಕಾದರೋ ಅವನ ಜೀವಿತಕಾಲ ಮತ್ತು ಅನಂತರ 60 ವರ್ಷ ಉಳಿಯುವುದು. 1965ರಲ್ಲಿ ತೀರಿಕೊಂಡ ನಮ್ಮ ಕೆ. ವೆಂಕಟಪ್ಪನವರ ಚಿತ್ರಗಳಿಗೆ ಈ ಅವಧಿಯು 2025ರ ಕೊನೆಯವರೆಗೆ.

ಬೀದಿಯಲ್ಲಿರುವುದೆಲ್ಲ ಬೀದಿಯವರದೇ ಎಂದು ಕೆಲವರು ವಾದಿಸುವರು. ಈ ವಾದವನ್ನು ನಾವು ಒಪ್ಪಲಾರೆವು. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನಲ್ಲಿ ತಮ್ಮ ಕೃತಿಗಳ ಅಡಿಯಲ್ಲಿ ಹೆಸರನ್ನು ಕೊರೆದರು. ಕಲೆಯನ್ನು ನಾಡಿಗೆ ಕೊಟ್ಟವರು ಹೆಸರನ್ನು ಬಿಟ್ಟುಕೊಡಲಿಲ್ಲ. ಇಂದಿನ ಕಲಾವಿದನಿಗೆ ಹೆಸರೂ ಬೇಕು, ಹೊಟ್ಟೆಗೆ ಹಿಟ್ಟೂ ಬೇಕು.

ಆದುದರಿಂದ ಸರ್ಕಾರದವರಲ್ಲಿ ನಮ್ಮ ಅರಿಕೆ ಎರಡು. ಸಾರ್ವಜನಿಕರ ಹಣದಿಂದ ತೆಗೆಯಿಸಿದ ಪ್ರಾಚೀನ ಸ್ಮಾರಕಗಳ ಛಾಯಾಚಿತ್ರಗಳನ್ನು ಮುಕ್ತ ಪರವಾನಗಿಯಲ್ಲಿ ಬಿಡತಕ್ಕದ್ದು. ಸಾವಿರಾರು ರೂಪಾಯಿ ಕೊಟ್ಟು ಗೋಡೆಗಳಿಗೆ ಚಿತ್ರ ಬರೆಯಿಸುವಾಗ ತಕ್ಕ ಸಂಭಾವನೆಯಿತ್ತು, ಕಲಾವಿದನ ಲಿಖಿತ ಸಮ್ಮತಿಯನ್ನು ಮೊದಲೇ ಪಡೆದು, ಅವನ ಹೆಸರನ್ನು ಅಲ್ಲಿಯೇ ಬರೆಯಿಸತಕ್ಕದ್ದು. ಹಾಗೆ ಮಾಡಿದಲ್ಲಿ ಅರೇಹಳ್ಳಿಯ ವಿದ್ಯಾರ್ಥಿಯು ಅಂಜಿಕೆಯಿಲ್ಲದೆ ನಾಡಿನ ಕಲೆಯನ್ನು ಲೋಕಕ್ಕೆ ತೋರಿಸಿಯಾನು. ಕಲಾವಿದನೂ ತನಗೆ ಅನ್ಯಾಯವಾಯಿತೆಂದು ಮರುಗಬೇಕಾಗದು.