ಗಾಳಿ ಟ್ಯಾಂಕಿನ ತಳದಲ್ಲಿ ನೀರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಹಳೆಯ ಕೊಟ್ಟಿಗೆ ಈಗ ವಾಹನದ ಶೆಡ್ಡಾಗಿದೆ. ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಟ್ರ್ಯಾಕ್ಟರ್, ಪಕ್ಕದಲ್ಲಿ ಒಂದೆರಡು ಬೈಕು. ಭತ್ತದ ಕೊಯ್ಲಿನಲ್ಲೋ ಹೊಗೆಸೊಪ್ಪು ಸಾಗಿಸುವ ದಿನಗಳಲ್ಲೋ ಚಕ್ರದ ಗಾಳಿ ಇಳಿದರೆ ಪೇಟೆಯ ಪಂಕ್ಚರ್ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ. ಮನೆಯಲ್ಲೇ ಒಂದು ಏರ್ ಕಂಪ್ರೆಸರ್ ಇರಲಿ ಎಂಬ ಯೋಚನೆ ಬರುವುದು ಸಹಜ.

ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಷ್ಟು ಎಚ್.ಪಿ.?’ ಎಂದು. ಚುಂಚನಕಟ್ಟೆ ಜಾತ್ರೆಯಲ್ಲಿ ಕೊಂಬು ಮಾತ್ರ ನೋಡಿ ಯಾರೂ ಎತ್ತು ಕೊಳ್ಳುವುದಿಲ್ಲ. ಇಲ್ಲಿಯೂ ಕೇಳಬೇಕಾದದ್ದು, ಯಂತ್ರ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿಯನ್ನು ನಿಜವಾಗಿ ಹೊರಗೆ ಕೊಡುತ್ತದೆ ಎಂಬುದನ್ನು. ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವ ಅಂಕಿ ಬಹಳ ಸಲ ಪಿಸ್ಟನ್ ಒಳಗೆಳೆದುಕೊಳ್ಳುವ ಗಾಳಿಯ ಲೆಕ್ಕ. ಸಣ್ಣ ಯಂತ್ರಗಳಲ್ಲಿ ಹೊರಬರುವುದು ಅದರ ಮೂರನೇ ಎರಡು ಪಾಲಿನಷ್ಟು.

ಟ್ರ್ಯಾಕ್ಟರಿನ ಹಿಂಚಕ್ರಕ್ಕೆ ಬೇಕಾದ ಒತ್ತಡ ಹೆಚ್ಚೇನಲ್ಲ, ಸಾಮಾನ್ಯವಾಗಿ 12ರಿಂದ 18 ಪೌಂಡ್. ಆದರೆ ಅದರ ಒಳಗಿನ ಜಾಗ 200 ಲೀಟರಿಗೂ ಮೀರಿದ್ದು. ಪೂರ್ತಿ ಚಪ್ಪಟೆಯಾದ ಚಕ್ರ 14 ಪೌಂಡಿಗೆ ಬರಬೇಕಾದರೆ ಹೊರಗಿನ ಗಾಳಿ ಸುಮಾರು 400 ಲೀಟರ್ ಒಳಹೋಗಬೇಕು. ನಿಮಿಷಕ್ಕೆ 100 ಲೀಟರ್ ಕೊಡುವ ಯಂತ್ರಕ್ಕೆ ಇದು ನಾಲ್ಕು ನಿಮಿಷದ ಕೆಲಸ. ಕಾರಿನ ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಪಂಪು ಬೈಕಿಗೆ ಸಾಕು, ಟ್ರ್ಯಾಕ್ಟರ್ ಚಕ್ರದ ಮುಂದೆ ಬಿಸಿಯಾಗಿ ಸುಸ್ತಾಗುತ್ತದೆ. ಬಣ್ಣ ಹೊಡೆಯುವ ಗನ್ನಿನ ಮಾತು ಬೇರೆ. ಅದು ಎಡೆಬಿಡದೆ ಗಾಳಿ ಕೇಳುತ್ತದೆ. ಹುಣಸೂರಿನ ಮರಗೆಲಸದವರ ಯಂತ್ರವನ್ನು ನೋಡಿ ಅದೇ ಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಮನೆಯ ಸಿಂಗಲ್ ಫೇಸ್ ಲೈನಿಗೆ 2 ಎಚ್.ಪಿ. ಮೇಲೆ ಹೋಗದಿರುವುದು ಲೇಸು. ಮೋಟಾರು ಹೊರಡುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಸಂಜೆ ವೋಲ್ಟೇಜ್ ಇಳಿದ ಊರಿನಲ್ಲಿ ಮೋಟಾರು ಗುಂಯ್‌ಗುಡುತ್ತ ನಿಂತು ಸುಟ್ಟುಹೋಗುವುದು ಹೀಗೆ. ಪಂಪ್‌ಸೆಟ್ಟಿನ ಉಚಿತ ಲೈನಿನಿಂದ ತಂತಿ ಎಳೆದುಕೊಳ್ಳುವುದಂತೂ ನಿಯಮಕ್ಕೆ ವಿರುದ್ಧ.

ಇಷ್ಟನ್ನು ಅಂಗಡಿಯವರೇ ಹೇಳಿಯಾರು. ಅವರು ಸಾಮಾನ್ಯವಾಗಿ ಹೇಳದಿರುವುದು ನೀರಿನ ವಿಷಯ.

ಸೈಕಲ್ ಪಂಪಿನ ತುದಿ ಬಿಸಿಯಾಗುವುದು ಮಕ್ಕಳಿಗೂ ಗೊತ್ತು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಟ್ಯಾಂಕಿಗೆ ಬಂದು ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಕಬಿನಿಯ ಆಸುಪಾಸಿನ ಗಾಳಿಯ ಉಷ್ಣತೆ 25 ಡಿಗ್ರಿ, ತೇವ ಶೇಕಡ 80 ಇದ್ದರೆ ಒಂದು ಘನ ಮೀಟರಿನಲ್ಲಿ ಸುಮಾರು 18 ಗ್ರಾಂ ನೀರಾವಿ ಇರುತ್ತದೆ. ಆ ಗಾಳಿಯನ್ನು ಒಂಬತ್ತನೇ ಒಂದು ಭಾಗಕ್ಕೆ ಒತ್ತಿ ತಣಿಸಿದರೆ ಆವಿಯಾಗಿ ಉಳಿಯುವುದು ಬರೀ ಎರಡೂವರೆ ಗ್ರಾಂ. ಮಿಕ್ಕದ್ದು ನೀರಾಗಿ ತಳಕ್ಕಿಳಿಯುತ್ತದೆ. ನಿಮಿಷಕ್ಕೆ 200 ಲೀಟರ್ ಗಾಳಿ ತುಂಬುವ ಯಂತ್ರ ಒಂದು ಗಂಟೆ ಓಡಿದರೆ ಹತ್ತಿರ ಹತ್ತಿರ ಒಂದು ಲೋಟ ನೀರು! ಅದು ಒಳಗೇ ನಿಂತು ಉಕ್ಕಿನ ತಗಡನ್ನು ತಿನ್ನುತ್ತದೆ. ಹೊರಗೆ ಬಣ್ಣ ಫಳಫಳ ಹೊಳೆಯುತ್ತಿರುತ್ತದೆ.

ಆ ತಗಡು ತಡೆದು ನಿಲ್ಲಿಸಿರುವ ಶಕ್ತಿ ಎಷ್ಟು? ನೂರು ಲೀಟರಿನ ಟ್ಯಾಂಕಿನಲ್ಲಿ ಚದರ ಸೆಂಟಿಮೀಟರಿಗೆ 8 ಕೆ.ಜಿ., ಅಂದರೆ ಸುಮಾರು 114 ಪೌಂಡ್ ಒತ್ತಡ ಇದೆಯೆನ್ನಿ. ಅದು ಒಮ್ಮೆಲೇ ಒಡೆದರೆ ಬಿಡುಗಡೆಯಾಗುವ ಶಕ್ತಿ ಏಳು ಕ್ವಿಂಟಲ್ ಭತ್ತವನ್ನು ಹತ್ತು ಮೀಟರ್ ಮೇಲಕ್ಕೆ ಎತ್ತಬಲ್ಲದು. ಟ್ಯಾಂಕಿನ ಗಟ್ಟಿತನವನ್ನು ಪರೀಕ್ಷಿಸುವವರು ಗಾಳಿ ತುಂಬದೆ ನೀರು ತುಂಬಿ ಒತ್ತುವುದು ಇದೇ ಕಾರಣಕ್ಕೆ. ನೀರು ಹೆಚ್ಚು ಕುಗ್ಗುವುದಿಲ್ಲ, ಆದ್ದರಿಂದ ತಗಡು ಬಿರಿದರೂ ಸಿಡಿಯುವುದಿಲ್ಲ.

ಟ್ಯಾಂಕಿನ ತಳದಲ್ಲಿರುವ ಪುಟ್ಟ ನಲ್ಲಿಯನ್ನು ಕೆಲಸ ಮುಗಿದ ದಿನವೇ, ಒತ್ತಡ ಬಹುಪಾಲು ಇಳಿದ ಮೇಲೆ, ತಿರುಗಿಸಿ ನೀರು ಬಿಡಬೇಕು. ಅನೇಕ ಕಡೆ ಅದು ಕೈಗೆಟುಕದ ಹಾಗೆ ಗೋಡೆಯ ಕಡೆಗೇ ತಿರುಗಿರುತ್ತದೆ. ಯಂತ್ರ ಕೂರಿಸುವಾಗಲೇ ಟ್ಯಾಂಕು ನಲ್ಲಿಯ ಕಡೆಗೆ ಬೆರಳಷ್ಟು ವಾಲುವಂತೆ ರಬ್ಬರ್ ತುಂಡುಗಳ ಮೇಲೆ ನಿಲ್ಲಿಸಿದರೆ ನೀರು ತಾನಾಗಿ ಅಲ್ಲಿಗೆ ಬರುತ್ತದೆ. ಬೆಲ್ಟಿನ ಚಕ್ರಕ್ಕೂ ಗೋಡೆಗೂ ನಡುವೆ ಒಂದಡಿಯಾದರೂ ಜಾಗವಿರಲಿ, ಬೆಲ್ಟಿನ ಜಾಲರಿ ಕಳಚದಿರಲಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹೊಗೆ ಬೂದಿ ಬೀಳುವಲ್ಲಿ, ಭತ್ತದ ಹೊಟ್ಟು ಹಾರುವಲ್ಲಿ ಯಂತ್ರ ಬೇಡ. ಗಾಳಿ ಎಳೆಯುವ ಬಾಯಿಯ ಫಿಲ್ಟರ್ ಕಟ್ಟಿಕೊಂಡರೆ ಯಂತ್ರ ಏದುಸಿರು ಬಿಡುತ್ತದೆ.

ಸೇಫ್ಟಿ ವಾಲ್ವಿನ ಉಂಗುರವನ್ನು ತಿಂಗಳಿಗೊಮ್ಮೆ ಎಳೆದು ನೋಡಬೇಕು. ಅದು ಸೋರುತ್ತದೆಂದು ಬೋಲ್ಟು ಬಿಗಿದು ಮುಚ್ಚುವವರಿದ್ದಾರೆ. ಅಂಥವರ ಶೆಡ್ಡಿನಲ್ಲಿ ಮಕ್ಕಳು ಆಡದಿರಲಿ.

ನಲ್ಲಿಯಿಂದ ಕೆಮ್ಮಣ್ಣಿನಂಥ ನೀರು ಬರತೊಡಗಿದರೆ ಒಳಗೆ ತುಕ್ಕು ಹಿಡಿದಿದೆ ಎಂದರ್ಥ. ಸೂಜಿಮೊನೆಯಷ್ಟು ತೂತು ಕಂಡಿತೆಂದರೆ ಸುತ್ತಲಿನ ತಗಡೂ ಹಾಳೆಯಂತೆ ತೆಳುವಾಗಿರುತ್ತದೆ. ಅದಕ್ಕೆ ವೆಲ್ಡಿಂಗ್ ತೇಪೆ ಹಾಕಿಸುವುದು ಸಲ್ಲದು. ಟ್ಯಾಂಕನ್ನು ಗುಜರಿಗೆ ಹಾಕಿ, ಮೋಟಾರೂ ಪಂಪೂ ಚೆನ್ನಾಗಿದ್ದರೆ ಹೊಸ ಟ್ಯಾಂಕಿನ ಮೇಲೆ ಕೂರಿಸಿಕೊಳ್ಳಬಹುದು.