ಸಾಲದ ಕಂತೂ ಹಸಿವಿನ ತಿಂಗಳೂ

ಬಡವರಿಗೆ ಸಾಲ ಎಟುಕಿದರೆ ಅವರ ಮನೆಯ ಹಸಿವು ತಾನಾಗಿ ನೀಗುವುದೆಂದು ನಂಬಿದವರು ನಮ್ಮ ಬ್ಯಾಂಕ್ ವೃತ್ತಿಯಲ್ಲಿ ಬಹು ಮಂದಿ. ಈ ನಂಬಿಕೆಯನ್ನು ತುಸು ತಿದ್ದಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಸಾಲ ಯಾವ ತಿಂಗಳಲ್ಲಿ ಕೈಸೇರುತ್ತದೆ, ಯಾವ ತಿಂಗಳಲ್ಲಿ ತೀರಿಸಬೇಕಾಗುತ್ತದೆ ಎಂಬುದರ ಮೇಲೆ ಮನೆಮಂದಿಯ ಊಟ ನಿಂತಿದೆ.

ಆಫ್ರಿಕದ ಜಾಂಬಿಯಾ ದೇಶದ ಚಿಪಾಟಾ ಜಿಲ್ಲೆಯನ್ನು ನೋಡೋಣ. ಅಲ್ಲಿಯವರಿಗೆ ಮುಸುಕಿನ ಜೋಳವೇ ಜೀವಾಳ. ವರ್ಷಾರಂಭದಲ್ಲಿ ಹೊಸ ಪೈರು ಇನ್ನೂ ಹೊಲದಲ್ಲಿರುವಾಗಲೇ ಎಷ್ಟೋ ಮನೆಗಳ ಕಣಜ ಬರಿದಾಗಿರುತ್ತದೆ. ಆಗ ರೈತನು ಹೊಟ್ಟೆಪಾಡಿಗಾಗಿ ಅನ್ಯರ ಹೊಲಕ್ಕೆ ಕೂಲಿ ಹೋಗುತ್ತಾನೆ. ತನ್ನ ಹೊಲದ ಕಳೆ ಹಾಗೆಯೇ ಉಳಿದು ಬರುವ ಬೆಳೆಯೂ ಕುಗ್ಗುತ್ತದೆ. 2014 ಮತ್ತು 2015ರಲ್ಲಿ ಅಲ್ಲಿನ ಕೆಲವು ಹಳ್ಳಿಗಳಲ್ಲಿ ಜನವರಿಯಲ್ಲಿ ಜೋಳವನ್ನೋ ನಗದನ್ನೋ ಸಾಲವಾಗಿ ಕೊಟ್ಟು, ಸುಗ್ಗಿ ಮುಗಿದ ಮೇಲೆ ಹಿಂಪಡೆದು ನೋಡಿದರು. ಸಾಲ ಪಡೆದ ಮನೆಗಳಲ್ಲಿ ಊಟ ಸುಧಾರಿಸಿತು, ಕೂಲಿಗೆ ಹೋಗುವುದು ತಗ್ಗಿತು, ಬೆಳೆ ಹೆಚ್ಚಿತು. ಸಾಲದ ಬಹುಪಾಲು ಮರಳಿಯೂ ಬಂದಿತು.

ಇದಕ್ಕೆ ಹೋಲಿಸಿದರೆ ಹೈದರಾಬಾದಿನ ಕೊಳೆಗೇರಿಗಳಲ್ಲಿ 2005ರಿಂದ ನಡೆದ ಕಿರುಸಾಲದ ಅಧ್ಯಯನ ಉತ್ಸಾಹ ಹುಟ್ಟಿಸುವಂಥದಲ್ಲ. ವಾರವಾರವೂ ಕಂತು ಕಟ್ಟುವ ಸಾಲವದು. ಬಾಳಿಕೆಯ ಸಾಮಾನುಗಳ ಖರೀದಿ ಹೆಚ್ಚಿತಾದರೂ ಮನೆಯ ಒಟ್ಟು ಅನುಭೋಗ ಏರಲಿಲ್ಲ.

2022ರ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಿರುಸಾಲ ಪಡೆದ ಕುಟುಂಬದ ಎಲ್ಲ ಕಂತುಗಳೂ ಸೇರಿ ಮಾಸಿಕ ಆದಾಯದ ನೂರಕ್ಕೆ 50ನ್ನು ಮೀರಕೂಡದು. ಮಿತಿ ಇರುವುದು ಒಳ್ಳೆಯದೇ. ಆದರೆ 2023-24ರ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕುಟುಂಬದ ಖರ್ಚಿನಲ್ಲಿ ನೂರಕ್ಕೆ ಸುಮಾರು 47 ಪಾಲು ಆಹಾರಕ್ಕೇ ಹೋಗುತ್ತದೆ. ಗಳಿಸಿದ್ದನ್ನೆಲ್ಲ ಖರ್ಚುಮಾಡದೆ ಗತಿಯಿಲ್ಲದ ಮನೆಯಲ್ಲಿ ನೂರು ರೂಪಾಯಿಗೆ ಉಳಿಯುವುದು ಮೂರೇ ರೂಪಾಯಿ! ಬಾಡಿಗೆ, ಔಷಧಿ, ಮಕ್ಕಳ ಶಾಲೆ ಎಲ್ಲವೂ ಅದರಲ್ಲೇ ಆಗಬೇಕು. ವಾಣಿಜ್ಯ ಪದವೀಧರನಾದ ನನಗೆ ಈ ಲೆಕ್ಕ ಕೂಡಿಬರುವುದಿಲ್ಲ. ಊಟ ಕಡಿತವಾದರೆ ಮಾತ್ರ ಕೂಡಿಬರುತ್ತದೆ. ಕಡಿತ ಯಾರ ತಟ್ಟೆಯಲ್ಲೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಕೊನೆಗೆ ಉಣ್ಣುವವಳು ತಾಯಿ. 2019-21ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಇದೆಲ್ಲ ಸಾಲದ ಫಲವೆಂದು ನಾನು ಹೇಳುತ್ತಿಲ್ಲ. ಆದರೆ ಕಂತು ತಪ್ಪದ ಖಾತೆಯನ್ನು ಉತ್ತಮ ಖಾತೆಯೆನ್ನುವ ನಮ್ಮ ನಮೂನೆಗಳಲ್ಲಿ, ಆ ಕಂತು ಊಟ ಬಿಟ್ಟು ಕಟ್ಟಿದ್ದೇ ಎಂದು ಕೇಳುವ ಅಂಕಣವಿಲ್ಲ. ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಕಾನೂನು ತಂದಿತು. ಕಿರುಕುಳವಿಲ್ಲದೆ ಬಂದ ಕಂತಿನ ಕಥೆಯೂ ಕೆಲವೊಮ್ಮೆ ಇದೇ.

ಬೆಳೆಸಾಲದಲ್ಲಿ ಸುಗ್ಗಿಯವರೆಗೆ ಕಾಯುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಉಂಟು. ಹೊಲವಿಲ್ಲದ ಕೂಲಿ ಹೆಂಗಸಿಗೂ ಕೆಲಸ ಸಿಗದ ತಿಂಗಳುಗಳಲ್ಲಿ ಕಂತು ತಡೆಹಿಡಿದು, ಕೂಲಿ ದೊರೆಯುವ ಕಾಲದಲ್ಲಿ ಪಡೆಯುವಂತೆ ಪಟ್ಟಿ ಬರೆಯಲು ಅಡ್ಡಿಯೇನು?