ಪಾರಿತೋಷಕ ಕಾಣದ ನಗೆ

ಕೆಲಸವು ಸರಿಯಾಗಿ ನಡೆದ ದಿನ ಕೆಲಸಗಾರನು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಫಿ ಬಿಸಿಯಾಗಿ ಬಂದರೆ ತಂದವನ ಮುಖವನ್ನು ಗಿರಾಕಿ ನೋಡುವುದಿಲ್ಲ; ತಣ್ಣಗಾಗಿ ಬಂದರೆ ಮಾತ್ರ ತಲೆಯೆತ್ತಿ ನೋಡುತ್ತಾನೆ. ಲೆಕ್ಕ ಹೊಂದಿರುವಷ್ಟು ಕಾಲ ಗುಮಾಸ್ತನ ಹೆಸರು ಸಾಹೇಬರಿಗೆ ನೆನಪಾಗುವುದಿಲ್ಲ. ಒಂದು ಅಂಕಿ ತಪ್ಪಿದ ದಿನ ತಪ್ಪದೆ ನೆನಪಾಗುತ್ತದೆ. ಇದನ್ನು ನಮ್ಮ ಓದುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇಂತಹ ಕೆಲಸಗಾರರನ್ನೇ ಕುರಿತು ವರ್ಷಗಟ್ಟಲೆ ನಡೆದ ಅಮೆರಿಕದ ಒಂದು ಹಾಸ್ಯ ಧಾರಾವಾಹಿಗೂ ಅದೇ ಗತಿಯಾಯಿತೆಂಬುದು ಇಂದು ನಾವು ವಿಚಾರಕ್ಕೆ ತೆಗೆದುಕೊಂಡಿರುವ ಸಂಗತಿ.

ಆ ಧಾರಾವಾಹಿಯ ಹೆಸರು ‘ಸೂಪರ್‌ಸ್ಟೋರ್’. ಜಸ್ಟಿನ್ ಸ್ಪಿಟ್ಜರ್ ಎಂಬವರ ಕಲ್ಪನೆಯಿಂದ ಹುಟ್ಟಿದ ಇದು ಎನ್‌ಬಿಸಿ ವಾಹಿನಿಯಲ್ಲಿ 2015ರ ನವೆಂಬರಿನಿಂದ 2021ರ ಮಾರ್ಚಿಯವರೆಗೆ 113 ಕಂತುಗಳಲ್ಲಿ ನಡೆಯಿತು. ಸೇಂಟ್ ಲೂಯಿಸ್ ನಗರದಲ್ಲಿ ‘ಕ್ಲೌಡ್ ನೈನ್’ ಎಂಬ ಕಲ್ಪಿತ ಮಹಾಮಳಿಗೆ. ಸೋಪಿನಿಂದ ಸೋಫಾದವರೆಗೆ ಅಲ್ಲಿ ದೊರೆಯದ ವಸ್ತುವಿಲ್ಲ. ಕಥೆಯೆಲ್ಲ ಅಲ್ಲಿ ಸರಕು ಜೋಡಿಸುವವರದು, ನೆಲ ಒರೆಸುವವರದು, ಗಲ್ಲಾದ ಬಳಿ ನಿಲ್ಲುವವರದು. ಮೊದಲ ಕಂತಿನಲ್ಲಿಯೇ ಏಮಿ ಎಂಬ ಮೇಲ್ವಿಚಾರಕಿಯನ್ನು ನಾವು ಕಾಣುತ್ತೇವೆ. ಆಕೆ ಎದೆಯ ಮೇಲೆ ಬೇರೆ ಬೇರೆ ಹೆಸರಿನ ಪಟ್ಟಿಗಳನ್ನು ಧರಿಸುತ್ತಾಳೆ. ಗುರುತಿಲ್ಲದವರು ಬಹುಕಾಲದ ಪರಿಚಿತರಂತೆ ತನ್ನ ನಿಜನಾಮ ಹಿಡಿದು ಕರೆಯುವುದು ಆಕೆಗೆ ಸಹನೆಯಾಗದು. ನೋಡಿದವರು ನಗುತ್ತಾರೆ. ಆದರೆ ದಿನಕ್ಕೆ ನೂರು ಬಾರಿ ಗದರಿಕೆಯ ದನಿಯಲ್ಲಿ ಕರೆಸಿಕೊಂಡವನಿಗೆ ಆ ನಗೆಯ ಹಿಂದೆ ಇರುವುದೇನೆಂದು ತಿಳಿಯುತ್ತದೆ.

2016ರಲ್ಲಿ ಮೊದಲ ಸರಣಿ ಮುಗಿದ ಬಗೆ ಇನ್ನೂ ಗಮನಾರ್ಹ. ಷೆಯೆನ್ ಎಂಬ ಎಳೆಯ ಹುಡುಗಿ ಸಂಬಳಸಹಿತ ಹೆರಿಗೆ ರಜೆಯಿಲ್ಲದ ಕಾರಣ ದಿನ ತುಂಬಿದರೂ ಕೆಲಸಕ್ಕೆ ಬರುತ್ತಾಳೆ, ಮಳಿಗೆಯಲ್ಲಿಯೇ ಹೆರುತ್ತಾಳೆ. ಇದು ಅತಿಶಯೋಕ್ತಿಯಿರಬಹುದು, ಆದರೆ ಆಧಾರವಿಲ್ಲದ ಮಾತಲ್ಲ. ಅಮೆರಿಕದ 1993ರ ಕೇಂದ್ರ ಕಾಯಿದೆಯು ಅರ್ಹ ನೌಕರರಿಗೆ ಕೊಡಿಸುವುದು 12 ವಾರಗಳ ಸಂಬಳವಿಲ್ಲದ ರಜೆಯನ್ನು ಮಾತ್ರ. ಮರುಕಗೊಂಡ ಮ್ಯಾನೇಜರ್ ಗ್ಲೆನ್ ಒಂದು ಉಪಾಯ ಹೂಡುತ್ತಾನೆ: ಶಿಸ್ತುಕ್ರಮದ ನೆಪದಲ್ಲಿ ಆಕೆಯನ್ನು ಸಂಬಳಸಹಿತವಾಗಿ ಅಮಾನತಿನಲ್ಲಿಡುತ್ತಾನೆ! ಕಂಪನಿ ಅವನನ್ನೇ ಮನೆಗೆ ಕಳುಹಿಸುತ್ತದೆ. ಕೆಲಸಗಾರರು ಒಬ್ಬೊಬ್ಬರಾಗಿ ಹೊರಗೆ ನಡೆಯುತ್ತಾರೆ. ಆ ಮುಷ್ಕರವು ಜಯಭೇರಿಯಲ್ಲಿ ಮುಗಿಯಿತೆಂದು ಬರೆಯುವುದು ಸುಲಭವಾಗಿತ್ತು. ಹಾಗೆ ಬರೆಯಲಿಲ್ಲ, ಅವರು ಕೆಲಸಕ್ಕೆ ಮರಳಬೇಕಾಯಿತು. ಹೊಟ್ಟೆಯ ಪಾಡನ್ನು ಬಲ್ಲವರ ಬರವಣಿಗೆ ಅದು.

2019ರಲ್ಲಿ ದಾಖಲೆಗಳಿಲ್ಲದೆ ಆ ದೇಶದಲ್ಲಿದ್ದ ಫಿಲಿಪ್ಪೀನ್ಸ್ ಮೂಲದ ಮಟೆಯೋ ಎಂಬ ಸಹೋದ್ಯೋಗಿಯನ್ನು ವಲಸೆ ಇಲಾಖೆಯ ಅಧಿಕಾರಿಗಳು ಮಳಿಗೆಯಿಂದಲೇ ಹಿಡಿದೊಯ್ದರು. ನಾಲ್ಕನೆಯ ಸರಣಿ ಅಲ್ಲಿಗೇ ನಿಂತಿತು. 2020ರಲ್ಲಿ ಕೋವಿಡ್ ಬಂದಾಗ, ಅಂಗಡಿಯ ನೌಕರರನ್ನು ವೀರರೆಂದು ಹೊಗಳಿ ಅವರ ರಕ್ಷಣೆಯನ್ನು ಮರೆತ ವ್ಯವಸ್ಥೆಯನ್ನು ಅದೇ ಧಾರಾವಾಹಿ ಹಾಸ್ಯಕ್ಕೆ ಗುರಿಮಾಡಿತು. ಕೊನೆಗೆ ಕ್ಲೌಡ್ ನೈನ್ ಮಳಿಗೆಯೇ ಮುಚ್ಚಿ, ಮನೆಮನೆಗೆ ಸರಕು ಕಳುಹಿಸುವ ಉಗ್ರಾಣವಾಯಿತು. ಇಷ್ಟೆಲ್ಲವನ್ನೂ ಕಣ್ಣೀರು ಸುರಿಸದೆ, ಭಾಷಣ ಬಿಗಿಯದೆ, ನಗಿಸುತ್ತಲೇ ಹೇಳಿದುದು ಸಾಮಾನ್ಯ ಸಾಧನೆಯೇನಲ್ಲ.

ಅಮೆರಿಕದ ದೂರದರ್ಶನಕ್ಕೆ ಸಲ್ಲುವ ಅತ್ಯುನ್ನತ ಗೌರವ ಎಮ್ಮಿ ಪ್ರಶಸ್ತಿ. ಉತ್ತಮ ಹಾಸ್ಯ ಧಾರಾವಾಹಿ, ಅಭಿನಯ, ಬರವಣಿಗೆ, ನಿರ್ದೇಶನ — ಈ ಯಾವ ವಿಭಾಗದಲ್ಲಿಯೂ ‘ಸೂಪರ್‌ಸ್ಟೋರ್’ನ ಹೆಸರು ಸ್ಪರ್ಧೆಯ ಪಟ್ಟಿಗೂ ಏರಲಿಲ್ಲ. ಕಲಾವಿದರು ಅಪ್ರಸಿದ್ಧರೆಂದು ಹೇಳುವಂತಿಲ್ಲ: ಏಮಿಯ ಪಾತ್ರ ವಹಿಸಿದ ಅಮೆರಿಕಾ ಫೆರೇರಾ 2007ರಲ್ಲಿಯೇ ‘ಅಗ್ಲಿ ಬೆಟ್ಟಿ’ಗಾಗಿ ಎಮ್ಮಿ ಗೆದ್ದವರು. ಬರೆದವರು ಹೊಸಬರೆಂದೂ ಹೇಳುವಂತಿಲ್ಲ: ಸ್ಪಿಟ್ಜರ್ ಅವರು ‘ದಿ ಆಫೀಸ್’ ಧಾರಾವಾಹಿಗೆ ಬರೆದು ಪಳಗಿದವರು. ಕಾಗದ ಮಾರುವ ಕಚೇರಿಯ ಗುಮಾಸ್ತರ ಕಥೆಯಾದ ‘ದಿ ಆಫೀಸ್’ 2006ರಲ್ಲಿ ಉತ್ತಮ ಹಾಸ್ಯ ಧಾರಾವಾಹಿಯೆಂದು ಎಮ್ಮಿ ಪಡೆಯಿತು. ಕುರ್ಚಿಯಲ್ಲಿ ಕುಳಿತು ದುಡಿಯುವವನ ನಗೆಗೆ ಮನ್ನಣೆ ದೊರೆಯಿತು. ದಿನವೆಲ್ಲ ನಿಂತು ದುಡಿಯುವವನ ನಗೆಗೆ ದೊರೆಯಲಿಲ್ಲ.

ಇದಕ್ಕೆ ಆಕ್ಷೇಪವಿಲ್ಲದೆ ಇಲ್ಲ. ತೀರ್ಪುಗಾರರು ದುಡಿಮೆಯ ಕಥೆಗಳನ್ನು ಕಡೆಗಣಿಸುವವರಲ್ಲ. ಅಡಿಗೆಮನೆಯ ಕಥೆಯಾದ ‘ದಿ ಬೇರ್’ 2024ರ ಜನವರಿಯಲ್ಲಿ ನಡೆದ ಸಮಾರಂಭದಲ್ಲಿ ಉತ್ತಮ ಹಾಸ್ಯ ಧಾರಾವಾಹಿಯ ಎಮ್ಮಿ ಗಳಿಸಲಿಲ್ಲವೆ, ಎಂದು ಕೇಳಬಹುದು. ಗಳಿಸಿತು, ಅರ್ಹತೆಯಿಂದಲೇ ಗಳಿಸಿತು. ಆದರೆ ಅದರ ನಾಯಕ ದೊಡ್ಡ ಹೋಟೆಲುಗಳಲ್ಲಿ ಹೆಸರು ಮಾಡಿದ ಪ್ರತಿಭಾವಂತ ಬಾಣಸಿಗ. ಅವನ ಯಾತನೆ ಕಲಾವಿದನ ಯಾತನೆ. ‘ಸೂಪರ್‌ಸ್ಟೋರ್’ನಲ್ಲಿ ಪ್ರತಿಭಾವಂತರಿಲ್ಲ. ಅಲ್ಲಿರುವುದು ಪಾಳಿ ಮುಗಿಯುವುದನ್ನು ಕಾಯುವ, ಬೆನ್ನು ನೋಯುವ, ಬಾಡಿಗೆಯ ಚಿಂತೆಯ ಸಾಧಾರಣ ಜನ. ಜನಸಾಮಾನ್ಯರ ವಾಹಿನಿಗಳಲ್ಲಿ ಬಂದ ಹಾಸ್ಯವನ್ನು ಹಗುರವೆಂದೂ, ಚಂದಾ ತೆತ್ತು ನೋಡುವ ವಾಹಿನಿಗಳ ಹಾಸ್ಯವನ್ನು ಗಂಭೀರವೆಂದೂ ಎಣಿಸುವ ಪ್ರವೃತ್ತಿಯೂ ಆ ವರ್ಷಗಳಲ್ಲಿ ಬಲವಾಗಿತ್ತು. 2015ರಿಂದ 2021ರವರೆಗೆ ಉತ್ತಮ ಹಾಸ್ಯ ಧಾರಾವಾಹಿಯ ಎಮ್ಮಿ ಒಮ್ಮೆಯೂ ಎನ್‌ಬಿಸಿಯಂಥ ಸಾರ್ವಜನಿಕ ಪ್ರಸಾರದ ವಾಹಿನಿಗೆ ಹೋಗಲಿಲ್ಲವೆಂಬುದು ಇದಕ್ಕೆ ಸಾಕ್ಷಿ. ತೀರ್ಪುಗಾರರು ದುರುದ್ದೇಶದಿಂದ ಹೀಗೆ ಮಾಡಿದರೆಂದು ನಾವು ಹೇಳುವುದಿಲ್ಲ. ಕಷ್ಟಪಟ್ಟಂತೆ ಕಾಣುವ ಕೆಲಸಕ್ಕೆ ಮೆಚ್ಚುಗೆ, ಸಲೀಸಾಗಿ ಕಾಣುವ ಕೆಲಸಕ್ಕೆ ಮರೆವು — ಇದು ಲೋಕದ ಹಳೆಯ ಚಾಳಿ. ನಾಲ್ಕು ತಟ್ಟೆಗಳನ್ನು ಒಂದೇ ಕೈಯಲ್ಲಿ ತರುವ ಮಾಣಿಯ ಚಾತುರ್ಯ ತಟ್ಟೆ ಬಿದ್ದಾಗಲಷ್ಟೆ ಜನರಿಗೆ ಹೊಳೆಯುವುದು.

ದೂರದ ಅಮೆರಿಕದ ತೀರ್ಪುಗಾರರನ್ನು ತಿದ್ದುವುದು ನಮ್ಮಿಂದಾಗದ ಕೆಲಸ. ನಮ್ಮಿಂದ ಆಗುವುದೊಂದುಂಟು. ಹೊರನಾಡಿನ ನಮ್ಮ ಕನ್ನಡ ಸಂಘಗಳೂ ನಾಟಕಗಳನ್ನು ಆಡಿಸುತ್ತವೆ, ಸ್ಪರ್ಧೆ ಏರ್ಪಡಿಸುತ್ತವೆ, ಬಹುಮಾನ ಹಂಚುತ್ತವೆ. ಅರಸರ ಕಥೆಗೂ ಪುರಾಣಕ್ಕೂ ಸಲ್ಲುವ ಗೌರವ ಸಲ್ಲುತ್ತಿರಲಿ. ಅದರ ಜೊತೆಗೆ ಗಲ್ಲಾದ ಹಿಂದಿನವನನ್ನು, ತಟ್ಟೆ ತೊಳೆಯುವವನನ್ನು, ಕಡತ ಹೊರುವವನನ್ನು ಕುರಿತು ಯಾವನಾದರೂ ತರುಣನು ಒಂದು ನಗೆನಾಟಕ ಬರೆದು ತಂದರೆ, ಹಗುರವಾದುದೆಂದು ಅದನ್ನು ಬದಿಗಿಡಬಾರದು. ಹಾಸ್ಯದಲ್ಲಿ ಮಾಣಿಯನ್ನು ಪೆದ್ದನಾಗಿ ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಬೇರೆ. ಮಾಣಿಯ ಕಣ್ಣಿನಿಂದ ಲೋಕದ ಪೆದ್ದುತನವನ್ನು ತೋರಿಸುವುದು ಬೇರೆ. ಎರಡನೆಯದಕ್ಕೆ ನಮ್ಮ ಬಹುಮಾನವಿರಲಿ. ಬರೆಯಬಲ್ಲವರು ನಮ್ಮ ಓದುಗರಲ್ಲಿಯೇ ಇದ್ದಾರೆ. ಪಾಳಿ ಮುಗಿದ ಮೇಲೆ ಕೋಣೆಯಲ್ಲಿ ಕುಳಿತು, ಅಂದಿನ ಗಿರಾಕಿಗಳನ್ನು ಅಣಕಿಸಿ ಗೆಳೆಯರನ್ನು ನಗಿಸುವವರು ಕಾಗದ ಲೇಖಣಿಗಳನ್ನು ಕೈಗೆತ್ತಿಕೊಳ್ಳಲೆಂದು ನಾವು ಕೋರುತ್ತೇವೆ.